ಡಿಸ್ನಿ ಪ್ಲಸ್ ಸೇವೆಯ ಆರಂಭ

ಡಿಸ್ನಿ ಪ್ಲಸ್ ಎಂಬುದು ಅಮೆರಿಕದ ವಾಲ್ಟ್ ಡಿಸ್ನಿ ಸಂಸ್ಥೆಯು ಅಂತರಜಾಲದ ಮೂಲಕ ಚಂದಾದಾರರಿಗೆ ಚಲನಚಿತ್ರ ಹಾಗೂ ಧಾರಾವಾಹಿಗಳನ್ನು ಒದಗಿಸುವ ಸೇವೆ. ಇದು 2019ರ ನವೆಂಬರ್ 12ರಂದು ಅಮೆರಿಕ, ಕೆನಡಾ ಮತ್ತು ನೆದರ್ಲೆಂಡ್ಸ್ ದೇಶಗಳಲ್ಲಿ ಆರಂಭವಾಯಿತು. ಅಮೆರಿಕದಲ್ಲಿ ಆಗಿನ ಮಾಸಿಕ ಶುಲ್ಕ 6.99 ಡಾಲರ್.

ಅದಕ್ಕೆ ಮೊದಲು ಡಿಸ್ನಿಯು ತನ್ನ ಹೊಸ ಚಿತ್ರಗಳ ಪ್ರಸಾರದ ಹಕ್ಕನ್ನು ನೆಟ್‌ಫ್ಲಿಕ್ಸ್‌ಗೆ ಮಾರುತ್ತಿತ್ತು. ಆ ಒಪ್ಪಂದವನ್ನು ಮುಂದುವರಿಸುವುದಿಲ್ಲವೆಂದು 2017ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಪ್ರಸಾರದ ತಂತ್ರಜ್ಞಾನಕ್ಕಾಗಿ ಬ್ಯಾಮ್‌ಟೆಕ್ ಸಂಸ್ಥೆಯ ಬಹುಪಾಲು ಒಡೆತನವನ್ನು ಪಡೆಯಿತು. ಖಚಿತವಾದ ಆದಾಯವನ್ನು ಬಿಟ್ಟುಕೊಟ್ಟು ನೋಡುಗರನ್ನು ತಾನೇ ನೇರವಾಗಿ ತಲುಪಲು ಹೊರಟ ಈ ನಿರ್ಧಾರ ಸಾಹಸದ್ದೇ ಸರಿ.

ಒಂದು ಕೋಟಿಗೂ ಹೆಚ್ಚು ಮಂದಿ ನೋಂದಾಯಿಸಿಕೊಂಡಿರುವುದಾಗಿ ಸಂಸ್ಥೆಯು ಮರುದಿನವೇ ತಿಳಿಸಿತು. ಆದರೆ ಮೊದಲ ದಿನ ಅನೇಕರಿಗೆ ಕಂಡದ್ದು ದೋಷಸೂಚನೆಯ ಪರದೆ ಮಾತ್ರ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ‘ದಿ ಸಿಂಪ್ಸನ್ಸ್’ ಸರಣಿಯ ಹಳೆಯ ಕಂತುಗಳು ಚೌಕಕ್ಕೆ ಹತ್ತಿರವಾದ 4:3 ಅನುಪಾತದ ಚೌಕಟ್ಟಿಗಾಗಿ ರಚಿತವಾದವು. ಅಗಲ ಪರದೆಗೆ ಹೊಂದಿಸಲು ಅವುಗಳ ಮೇಲು ಕೆಳಗಿನ ಅಂಚುಗಳನ್ನು ಕತ್ತರಿಸಲಾಗಿತ್ತು. ಬೇರೆ ಬೇರೆ ಹೆಸರಿನ ಮೂರು ಬಿಯರ್‌ಗಳು ಒಂದೇ ಕೊಳವೆಯಿಂದ ಬರುವುದನ್ನು ತೋರಿಸುವ ದೃಶ್ಯದಲ್ಲಿ ಆ ಕೊಳವೆಯೇ ಮಾಯವಾಗಿ, ಹಾಸ್ಯವೂ ಇಲ್ಲವಾಯಿತು. 2020ರ ಮೇ ತಿಂಗಳಿನಲ್ಲಿ ಮೂಲ ಅನುಪಾತದ ಆಯ್ಕೆಯನ್ನು ಒದಗಿಸಲಾಯಿತು.

ಭಾರತದಲ್ಲಿ ಈ ಸೇವೆ 2020ರ ಏಪ್ರಿಲ್ 3ರಂದು ಹಾಟ್‌ಸ್ಟಾರ್‌ನೊಂದಿಗೆ ಸೇರಿ ಆರಂಭವಾಯಿತು.