ಎಪಿಕೆ ಹಾಕಿಕೊಂಡರೆ ಒಟಿಟಿ ಸಿನಿಮಾ ಎಚ್‌ಡಿ ಆಗುತ್ತದೆಯೇ? ಫೋನು, ಟಿವಿಗಳ ‘ಲಾಕ್’ ಬಗ್ಗೆ ತಿಳಿಯಿರಿ

ಫೋನಿನಲ್ಲಿ ಒಟಿಟಿ ಸಿನಿಮಾ ಮಸುಕಾಗಿ ಕಾಣುತ್ತಿದ್ದರೆ ಅದಕ್ಕೆ ಕಾರಣ ಕಂಪನಿಗಳು ಹಾಕಿರುವ ‘ಎಚ್‌ಡಿ ಲಾಕ್’. ಜೊತೆಗಿರುವ ಎಪಿಕೆ ಫೈಲನ್ನು ಇನ್‌ಸ್ಟಾಲ್ ಮಾಡಿಕೊಂಡರೆ ಎಲ್3 ಇದ್ದದ್ದು ಎಲ್1 ಆಗಿ ಲಾಕ್ ತೆರೆಯುತ್ತದೆ. ಈ ಅರ್ಥದ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಲಾಕ್ ಇರುವುದು ನಿಜ. ಎಲ್1, ಎಲ್3 ಎಂಬ ಹೆಸರುಗಳೂ ನಿಜ. ಯಾರೋ ಕಳಿಸಿದ ಎಪಿಕೆಯಿಂದ ಅದು ತೆರೆಯುತ್ತದೆ ಎನ್ನುವುದು ಮಾತ್ರ ಸುಳ್ಳು. ನಂಬಿ ಇನ್‌ಸ್ಟಾಲ್ ಮಾಡಿದವರು ಬ್ಯಾಂಕ್ ಖಾತೆಯನ್ನೇ ಅಪಾಯಕ್ಕೆ ಒಡ್ಡಿಕೊಂಡಂತೆ.

ಸಂದೇಶ ಹುಟ್ಟಿರುವುದು ಮಾತ್ರ ಒಂದು ನಿಜವಾದ ಅಸಮಾಧಾನದಿಂದ. ದುಡ್ಡು ಕೊಟ್ಟು ಎಚ್‌ಡಿ ಪ್ಲ್ಯಾನ್ ತೆಗೆದುಕೊಂಡಿದ್ದೀರಿ. ಫೋನಿನ ಪರದೆ ಫುಲ್ ಎಚ್‌ಡಿ. ಅದೇ ವೈಫೈನಲ್ಲಿ ಯೂಟ್ಯೂಬ್ ವಿಡಿಯೊ ಕನ್ನಡಿಯಂತೆ ಕಾಣುತ್ತದೆ. ಸಿನಿಮಾ ಹಾಕಿದರೆ ಮಾತ್ರ ಪಾತ್ರಗಳ ಮುಖ ಕಲಸಿದಂತೆ ಇರುತ್ತದೆ. ನೆಟ್‌ವರ್ಕ್ ಸರಿಯಿದ್ದೂ ಹೀಗೇಕೆ?

ಲಾಕ್ ಇರುವುದು ಎಲ್ಲಿ?

ಒಟಿಟಿ ಕಂಪನಿ ಒಂದು ಸಿನಿಮಾವನ್ನು ಒಂದೇ ಫೈಲಾಗಿ ಇಟ್ಟಿರುವುದಿಲ್ಲ. 480ಪಿ, 720ಪಿ, 1080ಪಿ, 4ಕೆ ಎಂದು ಹಲವು ಪ್ರತಿಗಳನ್ನು ಮಾಡಿ, ನಕಲು ಮಾಡಲಾಗದಂತೆ ಬೀಗ ಹಾಕಿರುತ್ತದೆ. ಕಡಿಮೆ ಸ್ಪಷ್ಟತೆಯ ಪ್ರತಿಗೆ ಒಂದು ಬೀಗದ ಕೈ, ಎಚ್‌ಡಿಗೆ ಇನ್ನೊಂದು, 4ಕೆಗೆ ಮತ್ತೊಂದು ಇರುವುದು ಸಾಮಾನ್ಯ. ಈ ವ್ಯವಸ್ಥೆಯನ್ನು ಡಿಆರ್‌ಎಂ ಎನ್ನುತ್ತಾರೆ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಈ ಕೆಲಸ ಮಾಡುವುದು ಗೂಗಲ್‌ನ ವೈಡ್‌ವೈನ್. ಈ ಹೆಸರಿನ ಕಂಪನಿಯನ್ನು ಗೂಗಲ್ 2010ರಲ್ಲಿ ಕೊಂಡುಕೊಂಡಿತ್ತು. ಆ್ಯಪಲ್‌ನಲ್ಲಿ ಫೇರ್‌ಪ್ಲೇ, ಮೈಕ್ರೋಸಾಫ್ಟ್‌ನಲ್ಲಿ ಪ್ಲೇರೆಡಿ ಎಂಬ ಬೇರೆ ವ್ಯವಸ್ಥೆಗಳಿವೆ.

ನೀವು ‘ಪ್ಲೇ’ ಒತ್ತಿದ ಕೂಡಲೇ ಫೋನು ಕಂಪನಿಯ ಸರ್ವರ್‌ಗೆ ಬೀಗದ ಕೈ ಕೊಡಿ ಎಂದು ಕೇಳುತ್ತದೆ. ಸರ್ವರ್ ಮೊದಲು ಕೇಳುವುದು, ‘ನಿನ್ನ ಭದ್ರತೆಯ ಮಟ್ಟ ಯಾವುದು?’ ಫೋನಿನ ಚಿಪ್ಪಿನೊಳಗೆ ಬೇರೆ ಆ್ಯಪ್‌ಗಳಿಗೆ ಪ್ರವೇಶವಿಲ್ಲದ ಒಂದು ಪ್ರತ್ಯೇಕ ಕೋಣೆ ಇದ್ದು, ಬೀಗ ತೆರೆಯುವುದು, ಚಿತ್ರವನ್ನು ಸಿದ್ಧಪಡಿಸುವುದು ಎರಡೂ ಅಲ್ಲೇ ನಡೆಯುವುದಾದರೆ ಅದು ಎಲ್1. ಎಲ್ಲವೂ ಮಾಮೂಲಿ ಸಾಫ್ಟ್‌ವೇರಿನಲ್ಲೇ ನಡೆಯುವುದಾದರೆ ಎಲ್3. ನಡುವಿನ ಎಲ್2 ನಿಮಗೆ ಎದುರಾಗುವುದೇ ಅಪರೂಪ. ಎಲ್3 ಎಂದು ಉತ್ತರ ಬಂದರೆ ಹೆಚ್ಚಿನ ದೊಡ್ಡ ಒಟಿಟಿಗಳು 480ಪಿ ಪ್ರತಿಯ ಬೀಗದ ಕೈಯನ್ನಷ್ಟೇ ಕಳಿಸುತ್ತವೆ. ನೀವು ಎಷ್ಟು ದುಬಾರಿ ಪ್ಲ್ಯಾನ್ ತೆಗೆದುಕೊಂಡಿದ್ದರೂ ಅಷ್ಟೇ.

ಸಾಫ್ಟ್‌ವೇರಿನಿಂದ ಸಿನಿಮಾ ಕದಿಯುವುದು ಸುಲಭ, ಚಿಪ್ಪಿನ ಕೋಣೆಯಿಂದ ಕದಿಯುವುದು ಬಹಳ ಕಷ್ಟ. ಹಾಗಾಗಿ ಹಕ್ಕು ಕೊಡುವಾಗಲೇ ನಿರ್ಮಾಪಕರು, ಸ್ಟುಡಿಯೊಗಳು ಇಂಥ ಷರತ್ತು ಹಾಕುತ್ತಾರೆ. ಯೂಟ್ಯೂಬಿನ ಉಚಿತ ವಿಡಿಯೊಗಳಿಗೆ ಸಾಮಾನ್ಯವಾಗಿ ಈ ಬೀಗವಿಲ್ಲ, ಅದಕ್ಕೇ ಅವು ಅದೇ ಫೋನಿನಲ್ಲಿ ಸ್ಪಷ್ಟವಾಗಿ ಬರುತ್ತವೆ. ಅಂದಹಾಗೆ, ಸಿನಿಮಾ ನೋಡುವಾಗ ಸ್ಕ್ರೀನ್‌ಶಾಟ್ ತೆಗೆದರೆ ಕಪ್ಪು ಚಿತ್ರ ಬರುವುದೂ ಈ ರಕ್ಷಣೆಯಿಂದಲೇ. ಅದು ಫೋನಿನ ದೋಷವಲ್ಲ.

ಫೋನಿನ ಬೆಲೆ ನೋಡಿ ಇದನ್ನು ಊಹಿಸಲು ಆಗುವುದಿಲ್ಲ. 2017ರಲ್ಲಿ ಬಂದ ಒನ್‌ಪ್ಲಸ್ 5 ಮತ್ತು 5ಟಿ ಆ ವರ್ಷದ ಮೇಲ್ದರ್ಜೆಯ ಫೋನುಗಳು. ಆದರೂ ಅವುಗಳಲ್ಲಿ ಎಲ್1 ಇರಲಿಲ್ಲ. ಬಳಕೆದಾರರು ದೂರಿದ ಮೇಲೆ 2018ರ ಫೆಬ್ರುವರಿಯಲ್ಲಿ ಕಂಪನಿ ಒಂದು ದಾರಿ ಹೇಳಿತು: ಎಚ್‌ಡಿ ಬೇಕಾದವರು ಫೋನನ್ನೇ ತಮಗೆ ಕಳಿಸಬೇಕು, ಅಧಿಕೃತ ತಂತ್ರಜ್ಞರು ಅದನ್ನು ಕಂಪ್ಯೂಟರಿಗೆ ಜೋಡಿಸಿ ಎಲ್1 ಹಾಕಿಕೊಡುತ್ತಾರೆ. ಯೋಚಿಸಿ, ಒಂದು ಎಪಿಕೆಯಿಂದ ಆಗುವ ಕೆಲಸವಾಗಿದ್ದರೆ ತಯಾರಕರೇ ಆ ಫೈಲನ್ನು ವೆಬ್‌ಸೈಟಿನಲ್ಲಿ ಹಾಕಿಬಿಡುತ್ತಿದ್ದರು.

ಅದೇ 2018ರಲ್ಲಿ ನಮ್ಮ ದೇಶದಲ್ಲಿ ಬಿಸಿದೋಸೆಯಂತೆ ಖರ್ಚಾದ ಪೋಕೊ ಎಫ್1 ಫೋನಿಗೂ ಇದೇ ಗತಿ. ಒಳಗಿದ್ದದ್ದು ಆಗಿನ ಅತ್ಯುತ್ತಮ ಚಿಪ್ಪು, ಆದರೆ ಎಲ್1 ಇಲ್ಲ. ಮರುವರ್ಷ ಕಂಪನಿಯೇ ಕಳಿಸಿದ ಅಪ್‌ಡೇಟ್ ಮೂಲಕ ಅದು ಬಂತು. ಅಂದರೆ ಫೋನಿನ ಯಂತ್ರಾಂಶ ಸಮರ್ಥವಾಗಿದ್ದರೆ ಅಪ್‌ಡೇಟಿನಿಂದ ಎಲ್1 ಕೊಡಲು ಸಾಧ್ಯವಿದೆ. ಆದರೆ ಆ ಅಪ್‌ಡೇಟ್ ತಯಾರಕರ ಡಿಜಿಟಲ್ ಸಹಿ ಹೊತ್ತು ಬಂದಿರಬೇಕು. ಹೊರಗಿನ ಆ್ಯಪ್‌ಗೆ ಚಿಪ್ಪಿನ ಆ ಕೋಣೆಗೆ ಕಾಲಿಡುವ ದಾರಿಯೇ ಇಲ್ಲ. ಇದ್ದಿದ್ದರೆ ಅದನ್ನು ಕಟ್ಟಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಹಾಗಾದರೆ ಆ ಫೈಲ್ ಏನು ಮಾಡುತ್ತದೆ?

ಕೆಲವು ಏನೂ ಮಾಡದೆ ಬರೀ ಜಾಹೀರಾತು ತೋರಿಸುತ್ತವೆ. ಅಷ್ಟಕ್ಕೇ ಮುಗಿದರೆ ನಿಮ್ಮ ಅದೃಷ್ಟ. ಭಯಪಡಬೇಕಾದದ್ದು ಅನುಮತಿ ಕೇಳುವ ಫೈಲುಗಳಿಗೆ. ಎಸ್‌ಎಂಎಸ್ ಓದುವ ಅನುಮತಿ ಕೊಟ್ಟರೆ ನಿಮ್ಮ ಬ್ಯಾಂಕಿನ ಒಟಿಪಿ ಅದರ ಕೈಗೆ ಹೋಯಿತು. ‘ಆಕ್ಸೆಸಿಬಿಲಿಟಿ’ ಅನುಮತಿ ಕೊಟ್ಟರೆ ಪರದೆಯ ಮೇಲಿರುವುದನ್ನು ಓದುವುದು, ನಿಮ್ಮ ಪರವಾಗಿ ಬಟನ್ ಒತ್ತುವುದು ಎರಡೂ ಅದಕ್ಕೆ ಸಾಧ್ಯ. ದೃಷ್ಟಿದೋಷ ಇರುವವರಿಗೆ ನೆರವಾಗಲೆಂದು ಮಾಡಿದ ಸೌಲಭ್ಯವನ್ನು ವಂಚಕರು ಬಳಸಿಕೊಳ್ಳುವುದು ಹೀಗೆ. ಸಿನಿಮಾ ಸ್ಪಷ್ಟವಾಗಿ ಕಾಣಲು ಎಸ್‌ಎಂಎಸ್ ಓದಬೇಕಾದ ಅಗತ್ಯ ಯಾವ ಆ್ಯಪ್‌ಗೂ ಇಲ್ಲ.

ಇಂಥ ಸಂದೇಶಗಳ ಜೊತೆ ಬರುವ ಇನ್ನೊಂದು ಸಲಹೆ ಫೋನನ್ನು ‘ರೂಟ್’ ಮಾಡಿ ಎನ್ನುವುದು. ರೂಟ್ ಮಾಡಲು ಮೊದಲು ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಹಾಗೆ ಮಾಡಿದಾಗ ಎಷ್ಟೋ ಫೋನುಗಳಲ್ಲಿ ಮೊದಲೇ ಇದ್ದ ಎಲ್1 ಕೂಡ ಎಲ್3ಗೆ ಇಳಿಯುತ್ತದೆ. ಇದ್ದ ಎಚ್‌ಡಿಯೂ ಹೋಗುತ್ತದೆ!

ಈಗಾಗಲೇ ಇನ್‌ಸ್ಟಾಲ್ ಮಾಡಿದ್ದರೆ ಮೊದಲು ಇಂಟರ್ನೆಟ್ ಸಂಪರ್ಕ ನಿಲ್ಲಿಸಿ, ಆ್ಯಪ್ ತೆಗೆದುಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ಕೆಲವು ಕಡೆ ಆ್ಯಪೇ ಇರುವುದಿಲ್ಲ, ಏಕೆ?

ಇಲ್ಲಿಯವರೆಗೆ ಹೇಳಿದ್ದು ಮಸುಕಾದ ಚಿತ್ರದ ವಿಷಯ. ಟಿವಿಗಳಲ್ಲಿ ಇನ್ನೊಂದು ದೂರು ಹೆಚ್ಚು: ಬೇಕಾದ ಒಟಿಟಿ ಆ್ಯಪ್ ಇಲ್ಲವೇ ಇಲ್ಲ. ಸ್ಯಾಮ್‌ಸಂಗ್‌ನಲ್ಲಿ ಟೈಜನ್, ಎಲ್‌ಜಿಯಲ್ಲಿ ವೆಬ್‌ಓಎಸ್, ಬೇರೆ ಅನೇಕ ಟಿವಿಗಳಲ್ಲಿ ಗೂಗಲ್ ಟಿವಿ, ಅಮೆಜಾನ್‌ನಲ್ಲಿ ಫೈರ್ ಟಿವಿ. ಒಂದೊಂದಕ್ಕೂ ಆ್ಯಪನ್ನು ಬೇರೆಯಾಗಿಯೇ ಬರೆಯಬೇಕು, ಪರೀಕ್ಷಿಸಬೇಕು, ಪ್ರತಿವರ್ಷ ನೋಡಿಕೊಳ್ಳಬೇಕು. ಸಣ್ಣ ಒಟಿಟಿಗಳಿಗೆ ಇದು ದೊಡ್ಡ ಖರ್ಚು. ಆದ್ದರಿಂದ ಅವು ಮೊದಲು ಫೋನಿಗೆ ಬರುತ್ತವೆ, ಟಿವಿಗೆ ನಿಧಾನವಾಗಿ ಬರುತ್ತವೆ.

ಆದರೆ ದೊಡ್ಡ ಕಂಪನಿಗಳ ವಿಷಯದಲ್ಲಿ ಖರ್ಚಿನ ನೆಪ ನಡೆಯುವುದಿಲ್ಲ. ಅಲ್ಲಿ ಆಗುವುದು ಜಗಳ. 2015ರ ಅಕ್ಟೋಬರಿನಲ್ಲಿ ಅಮೆಜಾನ್ ತನ್ನ ಅಂಗಡಿಯಲ್ಲಿ ಗೂಗಲ್‌ನ ಕ್ರೋಮ್‌ಕಾಸ್ಟ್ ಮತ್ತು ಆ್ಯಪಲ್ ಟಿವಿ ಸಾಧನಗಳ ಮಾರಾಟ ನಿಲ್ಲಿಸುವುದಾಗಿ ಹೇಳಿತು. ಪ್ರೈಮ್ ವಿಡಿಯೊ ಅವುಗಳಲ್ಲಿ ಸರಿಯಾಗಿ ನಡೆಯುವುದಿಲ್ಲ ಎನ್ನುವುದು ಕೊಟ್ಟ ಕಾರಣ. ಅಮೆಜಾನ್‌ನ ಸ್ವಂತ ಫೈರ್ ಟಿವಿ ಅವಕ್ಕೆ ಪ್ರತಿಸ್ಪರ್ಧಿ ಎನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. 2017ರ ಕೊನೆಗೆ ಗೂಗಲ್ ಫೈರ್ ಟಿವಿಯಿಂದ ಯೂಟ್ಯೂಬನ್ನು ಹಿಂತೆಗೆಯಿತು. ಎರಡೂ ಕಡೆ ಒಪ್ಪಂದವಾಗಿ ಆ್ಯಪ್‌ಗಳು ಮರಳಿದ್ದು 2019ರ ಜುಲೈನಲ್ಲಿ. ಈ ನಡುವೆ ಜನರ ಕೈಯಲ್ಲಿದ್ದ ಸಾಧನಗಳಲ್ಲಿ ಯಾವ ಕೊರತೆಯೂ ಇರಲಿಲ್ಲ. ಹಿಂದಿನ ದಿನ ನಡೆಯುತ್ತಿದ್ದದ್ದು ಮರುದಿನ ನಿಂತಿತು, ಅಷ್ಟೇ.

ಅಮೆರಿಕದಲ್ಲಿ ಎಚ್‌ಬಿಒ ಮ್ಯಾಕ್ಸ್ 2020ರ ಮೇ ತಿಂಗಳಲ್ಲಿ ಶುರುವಾದಾಗ ಅಲ್ಲಿ ಅತಿ ಹೆಚ್ಚು ಮನೆಗಳಲ್ಲಿದ್ದ ರೋಕು ಮತ್ತು ಫೈರ್ ಟಿವಿ ಎರಡರಲ್ಲೂ ಅದು ಇರಲಿಲ್ಲ. ಮಾತುಕತೆ ಮುಗಿದು ಫೈರ್ ಟಿವಿಗೆ ಬಂದದ್ದು ನವೆಂಬರಿನಲ್ಲಿ, ರೋಕುಗೆ ಡಿಸೆಂಬರಿನಲ್ಲಿ. ‘ನಮ್ಮ ಟಿವಿಯಲ್ಲಿ ಏನೋ ಸೆಟ್ಟಿಂಗ್ ತಪ್ಪಿದೆ’ ಎಂದು ನಾವು ತಲೆ ಕೆಡಿಸಿಕೊಳ್ಳುವಾಗ ಎಲ್ಲೋ ಇಬ್ಬರು ವಕೀಲರು ಒಪ್ಪಂದದ ಕರಡು ತಿದ್ದುತ್ತಿರುತ್ತಾರೆ.

ನಮ್ಮ ಸಿನಿಮಾಗಳೂ ಈ ಪೈಪೋಟಿಯಿಂದ ಹೊರತಲ್ಲ. ‘ಕಾಂತಾರ’ ಕನ್ನಡದಲ್ಲಿ 2022ರ ನವೆಂಬರಿನಲ್ಲಿ ಪ್ರೈಮ್ ವಿಡಿಯೊಗೆ ಬಂತು. ಅದರ ಹಿಂದಿ ಅವತರಣಿಕೆ ಡಿಸೆಂಬರಿನಲ್ಲಿ ಬಂದದ್ದು ನೆಟ್‌ಫ್ಲಿಕ್ಸ್‌ಗೆ. ಅದೇ ವರ್ಷ ‘777 ಚಾರ್ಲಿ’ ಬಿಡುಗಡೆಯಾದದ್ದು ವೂಟ್ ಸೆಲೆಕ್ಟ್‌ನಲ್ಲಿ. ಮುಂದಿನ ವರ್ಷ ವೂಟ್ ಜಿಯೊಸಿನಿಮಾದಲ್ಲಿ ವಿಲೀನವಾಯಿತು. 2025ರ ಫೆಬ್ರುವರಿಯಲ್ಲಿ ಜಿಯೊಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ವೂಟ್ ಚಂದಾದಾರರಾಗಿದ್ದವರು ಮೂರು ವರ್ಷದೊಳಗೆ ಮೂರನೇ ಆ್ಯಪ್ ಹಾಕಿಕೊಳ್ಳಬೇಕಾಯಿತು. ಆ್ಯಪ್ ಬದಲಾದಂತೆ ಯಾವ ಟಿವಿ, ಯಾವ ಆ್ಯಂಡ್ರಾಯ್ಡ್ ಆವೃತ್ತಿ ಬೇಕು ಎನ್ನುವ ನಿಯಮವೂ ಬದಲಾಗಬಹುದು. ನಿನ್ನೆ ಓಡುತ್ತಿದ್ದ ಹಳೆಯ ಟಿವಿ ಇವತ್ತು ‘ಈ ಸಾಧನಕ್ಕೆ ಬೆಂಬಲವಿಲ್ಲ’ ಎಂದರೆ ಅದಕ್ಕೆ ಇದೂ ಒಂದು ಕಾರಣ.

ಒಮ್ಮೆ ಕೊಂಡರೆ ಎಲ್ಲ ಕಡೆ ನೋಡುವಂತಿರಬೇಕು ಎಂದು ಹಾಲಿವುಡ್ಡಿನ ಹಲವು ಸ್ಟುಡಿಯೊಗಳು ಸೇರಿ ಅಲ್ಟ್ರಾವಯಲೆಟ್ ಎಂಬ ವ್ಯವಸ್ಥೆ ಮಾಡಿದ್ದವು. ಡಿಸ್ನಿ ಸೇರಲಿಲ್ಲ, ಆ್ಯಪಲ್ ಸೇರಲಿಲ್ಲ. 2019ರ ಜುಲೈ 31ಕ್ಕೆ ಅದು ಮುಚ್ಚಿತು. ಹಾಗೆಂದು ಡಿವಿಡಿ ಕಾಲವನ್ನು ನೆನೆದು ನಿಟ್ಟುಸಿರು ಬಿಡಬೇಕಿಲ್ಲ. ಆಗಲೂ ‘ರೀಜನ್ ಕೋಡ್’ ಇತ್ತು. ಅಮೆರಿಕದಿಂದ ನೆಂಟರು ತಂದ ಡಿವಿಡಿ ಇಲ್ಲಿನ ಪ್ಲೇಯರಿನಲ್ಲಿ ಓಡದಿದ್ದದ್ದು ಅದರಿಂದಲೇ.

ಇನ್ನು ಹಳೆಯ ಸಾಧನಗಳು. 2019ರ ಡಿಸೆಂಬರಿನಲ್ಲಿ 2010 ಮತ್ತು 2011ರ ಕೆಲವು ಸ್ಯಾಮ್‌ಸಂಗ್ ಟಿವಿಗಳಲ್ಲಿ, 2024ರ ಜುಲೈನಲ್ಲಿ ಎರಡನೇ ಮತ್ತು ಮೂರನೇ ತಲೆಮಾರಿನ ಆ್ಯಪಲ್ ಟಿವಿಯಲ್ಲಿ ನೆಟ್‌ಫ್ಲಿಕ್ಸ್ ನಿಂತಿತು. ಟಿವಿಯ ಪರದೆ ಹದಿನೈದು ವರ್ಷ ಬಾಳಬಹುದು, ಒಳಗಿನ ಬೀಗದ ವ್ಯವಸ್ಥೆ ಅಷ್ಟು ವರ್ಷ ಬಾಳುವುದಿಲ್ಲ.

ಹಣ ಕಟ್ಟುವ ಮುನ್ನ ನೋಡಬೇಕಾದ್ದು

ನಿಮ್ಮ ಫೋನಿನ ಮಟ್ಟ ತಿಳಿಯಲು ಪ್ಲೇ ಸ್ಟೋರ್‌ನಲ್ಲಿ ‘ಡಿಆರ್‌ಎಂ ಇನ್ಫೊ’ ಎಂಬ ಉಚಿತ ಆ್ಯಪ್ ಇದೆ. ತೆರೆದರೆ ವೈಡ್‌ವೈನ್ ಭಾಗದಲ್ಲಿ ‘ಸೆಕ್ಯುರಿಟಿ ಲೆವೆಲ್’ ಎಲ್1 ಅಥವಾ ಎಲ್3 ಎಂದು ತೋರಿಸುತ್ತದೆ. ನೆಟ್‌ಫ್ಲಿಕ್ಸ್ ಬಳಸುವವರು ಅದರ ಆ್ಯಪ್ ಸೆಟ್ಟಿಂಗ್ಸ್‌ನೊಳಗಿನ ‘ಪ್ಲೇಬ್ಯಾಕ್ ಸ್ಪೆಸಿಫಿಕೇಷನ್’ ನೋಡಿದರೆ ಎಷ್ಟು ಸ್ಪಷ್ಟತೆಯವರೆಗೆ ಸಿಗುತ್ತದೆ ಎಂದೂ ತಿಳಿಯುತ್ತದೆ. ಎರಡನೆಯದೇ ಹೆಚ್ಚು ಭರವಸೆಯದ್ದು. ಏಕೆಂದರೆ ನೆಟ್‌ಫ್ಲಿಕ್ಸ್ ತಾನು ಒಪ್ಪಿದ ಫೋನುಗಳ ಪಟ್ಟಿಯನ್ನೂ ಇಟ್ಟುಕೊಂಡಿದೆ, ಎಲ್1 ಇದ್ದರೂ ಪಟ್ಟಿಯಲ್ಲಿ ಇಲ್ಲದಿದ್ದರೆ ಎಚ್‌ಡಿ ಬರುವುದಿಲ್ಲ.

ಪ್ಲ್ಯಾನ್ ಯಾವುದು ಎಂದೂ ನೋಡಿಕೊಳ್ಳಿ. 2019ರಲ್ಲಿ ನೆಟ್‌ಫ್ಲಿಕ್ಸ್ 199 ರೂಪಾಯಿಗೆ ತಂದ, 2021ರ ಕೊನೆಗೆ 149ಕ್ಕೆ ಇಳಿಸಿದ ಮೊಬೈಲ್ ಪ್ಲ್ಯಾನ್ ಫೋನು, ಟ್ಯಾಬ್ಲೆಟ್‌ಗಳಿಗಷ್ಟೇ, ಅದೂ 480ಪಿಯಲ್ಲಿ. ಅಲ್ಲಿ ಎಲ್1 ಇದ್ದೂ ಪ್ರಯೋಜನವಿಲ್ಲ, ಪ್ಲ್ಯಾನೇ ಅಷ್ಟು. ರೀಚಾರ್ಜ್ ಜೊತೆ ಬರುವ ಒಟಿಟಿಗಳಲ್ಲೂ ಇಂಥ ‘ಮೊಬೈಲ್ ಮಾತ್ರ’ ಷರತ್ತು ಸಣ್ಣ ಅಕ್ಷರದಲ್ಲಿ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ನೋಡುವವರಿಗೆ ಒಂದೇ ಸಿನಿಮಾ ಒಂದು ಬ್ರೌಸರಿನಲ್ಲಿ ಮಸುಕು, ಇನ್ನೊಂದರಲ್ಲಿ ಸ್ಪಷ್ಟವಾಗಿ ಕಾಣಬಹುದು. ಹಾಗಾಗಿ ಬ್ರೌಸರ್ ಬದಲಿಸಿ ನೋಡಿ.

ಹಳೆಯ ಟಿವಿಗೆ ಎಚ್‌ಡಿಎಂಐ ಕಿಂಡಿ ಇದ್ದರೆ ಹೊಸ ಟಿವಿಯನ್ನೇ ಕೊಳ್ಳಬೇಕಿಲ್ಲ, ಹೆಸರಾಂತ ಕಂಪನಿಯ ಸ್ಟ್ರೀಮಿಂಗ್ ಸ್ಟಿಕ್ ಸಾಕಾಗುತ್ತದೆ. 4ಕೆ ಬೇಕಾದರೆ ಮಾತ್ರ ಟಿವಿಯ ಆ ಕಿಂಡಿ ಎಚ್‌ಡಿಸಿಪಿ 2.2 ಎಂಬ ಗುಣಮಟ್ಟದ್ದಾಗಿರಬೇಕು. ಆದರೆ ಹೆಸರಿಲ್ಲದ ‘4ಕೆ ಆ್ಯಂಡ್ರಾಯ್ಡ್ ಬಾಕ್ಸ್’ಗಳ ಆಸೆಗೆ ಬೀಳಬೇಡಿ. ಅವುಗಳಲ್ಲಿ ಹಲವಕ್ಕೆ ಗೂಗಲ್‌ನ ಪ್ರಮಾಣೀಕರಣವೂ ಇಲ್ಲ, ಎಲ್1 ಕೂಡ ಇಲ್ಲ. ಫೋನಿನ ಆ್ಯಪನ್ನೇ ಟಿವಿಗೆ ತುರುಕಿರುತ್ತಾರೆ, ಬರುವುದು ಅದೇ 480ಪಿ. ಇದಕ್ಕಿಂತ ಕೆಟ್ಟದ್ದೂ ಇದೆ: ಇಂಥ ಸಾಧನಗಳಲ್ಲಿ ಕೆಲವು ಕಾರ್ಖಾನೆಯಿಂದಲೇ ಕುತಂತ್ರಾಂಶ ಹೊತ್ತು ಬರುತ್ತವೆ ಎಂದು ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿತ್ತು. ಕೊಳ್ಳುವಾಗ ಅಂಗಡಿಯವರಿಗೆ ‘ಇದು ಪ್ರಮಾಣೀಕೃತ ಗೂಗಲ್ ಟಿವಿಯೇ?’ ಎಂದು ಕೇಳಿ, ಅಲ್ಲೇ ಪ್ಲಗ್ ಹಾಕಿಸಿ, ನಿಮಗೆ ಬೇಕಾದ ಒಟಿಟಿಯ ಆ್ಯಪ್ ಅಧಿಕೃತ ಪ್ಲೇ ಸ್ಟೋರಿನಿಂದ ಇಳಿಯುತ್ತದೆಯೇ ನೋಡಿ. ವರ್ಷದ ಚಂದಾ ಕಟ್ಟುವ ಮುಂಚೆ ಒಂದು ತಿಂಗಳದ್ದು ಸಿಗುವುದಾದರೆ ಅದನ್ನೇ ಮೊದಲು ತೆಗೆದುಕೊಂಡು, ನಿಮ್ಮ ಫೋನು, ಟಿವಿ ಎರಡರಲ್ಲೂ ಒಂದೊಂದು ಸಿನಿಮಾ ಓಡಿಸಿ ನೋಡಿ.