ಕುಟುಂಬ ಯೋಜನೆ: ಹೇಳಬೇಕಾದ ಮಾತು, ಕೇಳಬೇಕಾದ ಮಾತು

ಹಳೆಯ ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳಿಗೆ ಮಂಜೂರಾತಿ ನೀಡಿತ್ತು. ಸ್ವತಂತ್ರ ಭಾರತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದುದು 1952ರಲ್ಲಿ. ಇಷ್ಟು ದೀರ್ಘ ಇತಿಹಾಸವಿದ್ದರೂ ವೈದ್ಯರ ಮುಂದೆ ಕುಳಿತ ಹೆಣ್ಣುಮಗಳು ತನ್ನ ಅಳುಕನ್ನು ಬಾಯಿಬಿಟ್ಟು ಹೇಳುವುದು, ವೈದ್ಯರು ಅದಕ್ಕೆ ಕಿವಿಗೊಡುವುದು ಇಂದಿಗೂ ವಿರಳವೇ.

ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರ’ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಅದನ್ನು ಪಡೆದವರಲ್ಲಿ ಮುಟ್ಟು ಏರುಪೇರಾಗುವುದು, ಹನಿಹನಿಯಾಗಿ ರಕ್ತ ಕಾಣಿಸುವುದು, ಕೆಲವು ತಿಂಗಳ ಬಳಿಕ ಮುಟ್ಟೇ ನಿಲ್ಲುವುದು ಸಾಮಾನ್ಯ. ಇದು ಔಷಧದ ಪರಿಣಾಮವೇ ಹೊರತು ರೋಗವಲ್ಲ. ಆದರೆ ಮೊದಲೇ ತಿಳಿಸದಿದ್ದರೆ ‘ಕೆಟ್ಟ ರಕ್ತ ಹೊಟ್ಟೆಯಲ್ಲಿಯೇ ಉಳಿಯಿತು’ ಎಂಬ ಭಯ ಆವರಿಸುತ್ತದೆ. ಆಕೆ ಯಾರಿಗೂ ಹೇಳದೆ ಮುಂದಿನ ಚುಚ್ಚುಮದ್ದನ್ನು ಕೈಬಿಡುತ್ತಾಳೆ. ಬೇರೆ ವಿಧಾನವನ್ನೂ ಅನುಸರಿಸುವುದಿಲ್ಲ. ಬೇಡದ ಬಸಿರು ಎಷ್ಟೋ ಸಲ ನಿಲ್ಲುವುದು ಹೀಗೆಯೇ. ಚುಚ್ಚುಮದ್ದು ಬಿಟ್ಟ ಮೇಲೆ ಗರ್ಭ ಧರಿಸಲು ಹಲವು ತಿಂಗಳು ತಡವಾಗಬಹುದೆಂಬುದನ್ನೂ, ಬೇಗನೆ ಮತ್ತೊಂದು ಮಗು ಬೇಕೆನ್ನುವ ದಂಪತಿಗಳಿಗೆ ಮುಂಚೆಯೇ ತಿಳಿಸಬೇಕು. ವಂಕಿ ಅಂದರೆ ಕಾಪರ್-ಟಿ ಹಾಕಿಸಿಕೊಂಡವರಿಗೂ ಮೊದಲ ಕೆಲವು ತಿಂಗಳು ಸ್ರಾವ, ನೋವು ಹೆಚ್ಚಿರಬಹುದು.

ಗಂಡಸರ ವಿಷಯದಲ್ಲಿ ಮೌನದ ಬೆಲೆ ಇನ್ನೂ ದೊಡ್ಡದು. ಪುರುಷರ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಾದ ಕೂಡಲೇ ರಕ್ಷಣೆ ದೊರೆಯುವುದಿಲ್ಲ. ನಾಳದಲ್ಲಿ ವೀರ್ಯಾಣುಗಳು ಉಳಿದಿರುತ್ತವೆ. ಮೂರು ತಿಂಗಳು ನಿರೋಧ್ ಬಳಸಿ, ನಂತರ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಇದನ್ನು ಹೇಳದೆ ಕಳುಹಿಸಿದರೆ, ಅಷ್ಟರೊಳಗೆ ಪತ್ನಿ ಗರ್ಭಿಣಿಯಾದಾಗ ಮನೆಯವರ ಸಂಶಯ ಎರಗುವುದು ಆ ನಿರಪರಾಧಿಯ ಶೀಲದ ಮೇಲೆ. ಒಂದು ವಾಕ್ಯ ಹೇಳದ್ದರಿಂದ ಸಂಸಾರವೇ ಒಡೆಯಬಹುದು. (ಈ ಚಿಕಿತ್ಸೆಗೆ ಮುಂದಾಗುವ ಗಂಡಸರೇ ನಮ್ಮಲ್ಲಿ ತೀರ ಕಡಿಮೆ, ಭಾರವೆಲ್ಲ ಹೆಂಗಸರ ಮೇಲೆಯೇ ಬಿದ್ದಿದೆಯೆಂಬುದು ಬೇರೆ ಮಾತು.)

ಸೊಸೆಯೊಡನೆ ಅತ್ತೆಯವರೂ ಆಸ್ಪತ್ರೆಗೆ ಬರುವುದು ವಾಡಿಕೆ; ಅದರಲ್ಲಿ ಪ್ರೀತಿಯೇ ಹೆಚ್ಚು. ಆದರೂ ವೈದ್ಯರು ಆಕೆಯೊಡನೆ ಹತ್ತು ನಿಮಿಷ ಏಕಾಂತದಲ್ಲಿ ಮಾತನಾಡಬಯಸಿದರೆ ಹಿರಿಯರು ನೊಂದುಕೊಳ್ಳಬಾರದು. ಅತ್ತೆಯವರೆದುರು ಆಕೆ ಎಲ್ಲದಕ್ಕೂ ‘ಹೂಂ’ ಎನ್ನುವಳು. ಆ ‘ಹೂಂ’ ಒಪ್ಪಿಗೆಯಲ್ಲ. ಶಸ್ತ್ರಚಿಕಿತ್ಸೆಗೆ ಬಾಳಸಂಗಾತಿಯ ಒಪ್ಪಿಗೆ ಕಡ್ಡಾಯವಲ್ಲ, ಸ್ವತಃ ಮಾಡಿಸಿಕೊಳ್ಳುವವರ ಒಪ್ಪಿಗೆ ಮಾತ್ರ ಅಗತ್ಯವೆಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ.

ಒಪ್ಪಿಗೆ ಬರಿಯ ಹೆಬ್ಬೆಟ್ಟಿನ ಗುರುತಾದರೆ ಏನಾದೀತೆಂಬುದನ್ನು ಬಿಹಾರದ ಅರರಿಯಾ ಜಿಲ್ಲೆ ತೋರಿಸಿತು. ಅಲ್ಲಿಯ ಶಾಲೆಯೊಂದರಲ್ಲಿ 2012ರಲ್ಲಿ ಕೆಲವೇ ಗಂಟೆಗಳೊಳಗೆ 53 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ಮಾಡಿ ಮುಗಿಸಿದರು. ಅವರ ಪರವಾಗಿ ದೇವಿಕಾ ಬಿಸ್ವಾಸ್ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ತೀರ್ಪಿತ್ತು, ಶಸ್ತ್ರಚಿಕಿತ್ಸೆಯ ಪರಿಣಾಮವನ್ನು ಆಯಾ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿಯೇ ವಿವರಿಸಬೇಕೆಂದಿತು. ಶಿಬಿರಗಳ ಪದ್ಧತಿಯನ್ನೇ ಕೈಬಿಡುವಂತೆ ಸೂಚಿಸಿತು.

ವಿವರಿಸಿದ ಮೇಲೆ ‘ತಿಳಿಯಿತೇ?’ ಎಂದು ಕೇಳಿದರೆ ಯಾರೂ ‘ಇಲ್ಲ’ ಎನ್ನುವುದಿಲ್ಲ. ‘ತಾಯಿ, ಮನೆಗೆ ಹೋಗಿ ಯಜಮಾನರಿಗೆ ಏನು ಹೇಳುತ್ತೀರಿ?’ ಎಂದು ದಾದಿಯರು ಕೇಳಿದರೆ, ತಿಳಿದದ್ದೆಷ್ಟು, ತಪ್ಪಿದ್ದೆಷ್ಟು ಎಂಬುದು ಅಲ್ಲಿಯೇ ಹೊರಬೀಳುತ್ತದೆ. ಆಸ್ಪತ್ರೆಗೆ ಹೋಗುವವರೂ ಸಂಕೋಚ ತೊರೆದು ಕೇಳಬೇಕು: ಯಾವ ತೊಂದರೆ ಸಹಜ? ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು? ಇದು ನನಗೆ ಒಗ್ಗದಿದ್ದರೆ ಬೇರೆ ಯಾವುದಿದೆ?