ಗೋಡೆಯ ಮೇಲಿನ ಕಟ್ಟಳೆಗಳು: ‘ಆನಿಮಲ್ ಫಾರ್ಮ್’ನಲ್ಲಿ ಮೂಲತತ್ತ್ವಗಳ ತಿದ್ದುಪಡಿ

ಪ್ರಾಣಿಗಳ ಮೂಲಕ ರಾಜನೀತಿಯನ್ನು ನಿರೂಪಿಸುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. 11ನೆಯ ಶತಮಾನದ ದುರ್ಗಸಿಂಹನ ‘ಪಂಚತಂತ್ರ’ದಲ್ಲಿಯೇ ಸಿಂಹ, ಎತ್ತು, ನರಿಗಳ ನಡುವೆ ಆಸ್ಥಾನದ ಒಳಸಂಚುಗಳು ನಡೆಯುತ್ತವೆ. ಆದರೆ ಅಲ್ಲಿಯ ಅರಸು ಪ್ರಜೆಗಳಿಗೆ ಯಾವ ಮಾತನ್ನೂ ಬರೆದುಕೊಟ್ಟವನಲ್ಲ. ಜಾರ್ಜ್ ಆರ್ವೆಲ್‌ನ ‘ಆನಿಮಲ್ ಫಾರ್ಮ್’ (1945) ಭಿನ್ನವಾಗುವುದು ಇಲ್ಲಿಯೇ. ಇದರಲ್ಲಿ ಹೊಸ ಪ್ರಭುತ್ವವು ಲಿಖಿತವಾದ ಏಳು ಕಟ್ಟಳೆಗಳಿಂದ ಆರಂಭವಾಗುತ್ತದೆ. ಆಳುವ ಹಂದಿಗಳು ಅವನ್ನು ಬಹಿರಂಗವಾಗಿ ಧಿಕ್ಕರಿಸುವುದಿಲ್ಲ. ತಮ್ಮ ನಡತೆಗೆ ತಕ್ಕಂತೆ ತಿದ್ದಿಕೊಳ್ಳುತ್ತವೆ.

ಈ ಕ್ರಿಯೆಯ ಮೊದಲ ಹೆಜ್ಜೆಗಳು ಗೋಡೆಯನ್ನು ಮುಟ್ಟುವುದೇ ಇಲ್ಲ. ಹಾಲು ಮತ್ತು ಸೇಬು ಹಂದಿಗಳ ಪಾಲಾದಾಗ ಯಾವ ನಿಷೇಧವೂ ಮುರಿದಿರಲಿಲ್ಲ. ಮನುಷ್ಯರೊಡನೆ ವ್ಯಾಪಾರ ಸಲ್ಲದೆಂಬ ನಿರ್ಣಯ ಆರಂಭದ ಸಭೆಗಳಲ್ಲಿಯೇ ಆಗಿತ್ತು. ಆದರೆ ಅದು ಗೋಡೆಯ ಮೇಲೆ ಇರಲಿಲ್ಲ. ಅದನ್ನು ಎಲ್ಲಿ ಬರೆದಿದೆಯೆಂದು ವಕ್ತಾರ ಸ್ಕ್ವೀಲರ್ ಕೇಳಿದಾಗ ಪ್ರಾಣಿಗಳು ತಮ್ಮ ನೆನಪನ್ನೇ ಶಂಕಿಸುತ್ತವೆ. ಅಲಿಖಿತವಾದದ್ದು ಮೊದಲು ಕುಸಿಯುತ್ತದೆ.

ಅನಂತರ ಲಿಖಿತದ ಸರದಿ. ಮಂಚದ ಮೇಲೆ ಮಲಗಬಾರದೆಂಬ ನಿಯಮಕ್ಕೆ ಹಾಸುಬಟ್ಟೆಯ ಷರತ್ತು, ಪರಸ್ಪರ ಕೊಲ್ಲಬಾರದೆಂಬುದಕ್ಕೆ ಕಾರಣದ ಷರತ್ತು, ಮದ್ಯನಿಷೇಧಕ್ಕೆ ಪ್ರಮಾಣದ ಷರತ್ತು ಸೇರುತ್ತವೆ. ಪ್ರತಿಸಲವೂ ಕೃತ್ಯ ಮೊದಲು, ತಿದ್ದುಪಡಿ ಆಮೇಲೆ. ಮೂಲದ ಒಂದು ಪದವೂ ಅಳಿಯುವುದಿಲ್ಲವೆಂಬುದು ಗಮನಾರ್ಹ. ಇಂಗ್ಲಿಷಿನ ವಾಕ್ಯರಚನೆಯಲ್ಲಿ ಈ ವಿಶೇಷಣಗಳು ಕೊನೆಗೆ ಬರುವುದರಿಂದ, ಸಾಲಿನ ತುದಿಯಲ್ಲಿ ಬಣ್ಣ ಬಳಿದರೆ ಸಾಕು. ಕನ್ನಡದಲ್ಲಿ ಅವು ಕ್ರಿಯಾಪದಕ್ಕೆ ಮುಂಚೆಯೇ ಬರಬೇಕು; ಇಡೀ ಸಾಲನ್ನು ಅಳಿಸಿ ಬರೆಯದೆ ಹಂದಿಗಳಿಗೆ ಗತಿಯಿರದು. ಅನುವಾದಕನಿಗೆ ಇದು ಸಣ್ಣ ತೊಡಕಲ್ಲ.

ಇಂತಹ ವಂಚನೆ ಸಾಧ್ಯವಾಗುವುದು ಅಕ್ಷರಜ್ಞಾನದ ಅಸಮಾನತೆಯಿಂದ. ದುಡಿಮೆಗಾರ ಕುದುರೆ ಬಾಕ್ಸರ್ ನಾಲ್ಕನೆಯ ಅಕ್ಷರವನ್ನು ದಾಟಲಾರದು. ಕ್ಲೋವರ್ ಎಂಬ ಹೆಣ್ಣುಕುದುರೆಗೆ ಅಕ್ಷರಗಳು ಗೊತ್ತು, ಪದಗಳು ಕೂಡಿಬರವು. ಸಂಶಯ ಬಂದಾಗಲೆಲ್ಲ ಅದು ಮ್ಯೂರಿಯಲ್ ಎಂಬ ಮೇಕೆಯಿಂದ ಓದಿಸಿಕೊಳ್ಳಬೇಕು. ಚೆನ್ನಾಗಿ ಓದಬಲ್ಲ ಕತ್ತೆ ಬೆಂಜಮಿನ್ ಇಂತಹ ವಿಷಯಗಳಿಗೆ ತಲೆಹಾಕಲು ಒಪ್ಪುವುದಿಲ್ಲ. ಒಂದು ರಾತ್ರಿ ಸ್ಕ್ವೀಲರ್ ಮುರಿದ ಏಣಿ, ಕುಂಚ, ಚೆಲ್ಲಿದ ಬಿಳಿಬಣ್ಣದ ನಡುವೆ ಗೋಡೆಯ ಬುಡದಲ್ಲಿ ಬಿದ್ದಿರುವುದನ್ನು ಎಲ್ಲರೂ ಕಂಡರೂ ಅರ್ಥ ಹೊಳೆಯುವುದು ಆ ಕತ್ತೆಗೆ ಮಾತ್ರ. ಅದು ಮೌನವಾಗಿರುತ್ತದೆ. ನನ್ನ ದೃಷ್ಟಿಯಲ್ಲಿ ಕೃತಿಯ ಅತ್ಯಂತ ಕಠೋರವಾದ ಆಪಾದನೆ ಈ ಮೌನದ ಮೇಲೆಯೇ ಇದೆ.

ಆರ್ವೆಲ್‌ನ ಕಣ್ಣಮುಂದೆ ಇದ್ದುದು ಸೋವಿಯತ್ ಇತಿಹಾಸ. 1917ರ ಕ್ರಾಂತಿಯ ಬೆನ್ನಿಗೇ ರಣರಂಗದ ಮರಣದಂಡನೆಯನ್ನು ರದ್ದುಗೊಳಿಸಿದ ಪ್ರಭುತ್ವ 1918ರಲ್ಲಿ ಮರಣದಂಡನೆಯನ್ನು ಮರಳಿ ತಂದಿತು. 1936ರ ಸಂವಿಧಾನ ವಾಕ್‌ಸ್ವಾತಂತ್ರ್ಯವನ್ನು ನೀಡಿತಾದರೂ, ಅದು ದುಡಿಯುವ ಜನರ ಹಿತಕ್ಕೆ ಅನುಗುಣವಾಗಿರಬೇಕೆಂಬ ಷರತ್ತನ್ನು ಅದೇ ವಿಧಿಯಲ್ಲಿ ಸೇರಿಸಿತ್ತು. ಆ ಹಿತವನ್ನು ನಿರ್ಣಯಿಸುವವರು ಆಳುವವರೇ. ಅದೇ ವರ್ಷ ಮಾಸ್ಕೋ ವಿಚಾರಣೆಗಳು ಆರಂಭಗೊಂಡು ಹಳೆಯ ಕ್ರಾಂತಿಕಾರಿಗಳನ್ನು ಬಲಿ ತೆಗೆದುಕೊಂಡವು. 1944ರಲ್ಲಿ ‘ಇಂಟರ್‌ನ್ಯಾಷನಲ್’ ಗೀತೆಯ ಸ್ಥಾನಕ್ಕೆ ಹೊಸ ರಾಷ್ಟ್ರಗೀತೆ ಬಂದಿತು; ಕಥೆಯಲ್ಲಿಯೂ ಬಂಡಾಯದ ಹಾಡು ನಿಷಿದ್ಧವಾಗುತ್ತದೆ. ರಷ್ಯಾ ಯುದ್ಧಮಿತ್ರನಾಗಿದ್ದ 1944ರಲ್ಲಿ ಹಲವು ಪ್ರಕಾಶಕರು ಈ ಹಸ್ತಪ್ರತಿಯನ್ನು ನಿರಾಕರಿಸಿದ್ದರು.

ಬರಹದ ಮೇಲಿನ ಈ ಅಧಿಕಾರಕ್ಕೆ ಇನ್ನೊಂದು ಮುಖವೂ ಉಂಟು. ಮುದಿಯಾಗಿ ಕುಸಿದ ಬಾಕ್ಸರನ್ನು ಚಿಕಿತ್ಸೆಗೆಂದು ಬಂಡಿಯಲ್ಲಿ ಒಯ್ಯುವಾಗ ಬೆಂಜಮಿನ್ ಮೊದಲ ಬಾರಿಗೆ ತಾನಾಗಿ ಕೂಗಿ ಓದುತ್ತದೆ: ಬಂಡಿಯ ಮೇಲಿರುವುದು ಕುದುರೆ ಕಡಿಯುವ ಕಟುಕನ ಹೆಸರು. ಅಷ್ಟರಲ್ಲಿ ಬಂಡಿ ಹೊರಟಿದೆ. ಆ ಬಂಡಿಯನ್ನು ಪಶುವೈದ್ಯನು ಕೊಂಡಿದ್ದಾನೆ, ಹಳೆಯ ಹೆಸರನ್ನು ಅಳಿಸಿಲ್ಲ ಅಷ್ಟೆ ಎಂದು ಸ್ಕ್ವೀಲರ್ ಆಮೇಲೆ ವಿವರಿಸುತ್ತಾನೆ. ಕೊಟ್ಟಿಗೆಯ ಗೋಡೆಯ ಮೇಲೆ ಸುಳ್ಳನ್ನು ಬರೆದು ನಿಜವೆಂದು ನಂಬಿಸಿದವನು, ಇಲ್ಲಿ ನಿಜವಾದ ಬರಹವನ್ನೇ ಹಳತೆಂದು ತಳ್ಳಿಹಾಕುತ್ತಾನೆ. ಪ್ರಾಣಿಗಳು ಅದನ್ನೂ ನಂಬಿ ಸಮಾಧಾನಗೊಳ್ಳುತ್ತವೆ.